ಚುಕ್ಕೆಯಿಲ್ಲದ ಎಲೆಯ ಮೇಲೂ ದುಂಡಾಣು ಇರುತ್ತದೆಯೇ?

ಪ್ರಶ್ನೆ: ಕುಷ್ಟಗಿ ತಾಲ್ಲೂಕಿನಲ್ಲಿ ನಮ್ಮದು ನಾಲ್ಕು ಎಕರೆ ಭಗವಾ ತಳಿಯ ದಾಳಿಂಬೆ, ಈಗ ಆರನೇ ವರ್ಷ. ಮೃಗ ಬಹಾರ್ (ಮಳೆಗಾಲದ ಆರಂಭದಲ್ಲಿ ಹೂ ಬಿಡಿಸುವ ಬೆಳೆ) ಹಿಡಿದಿದ್ದೇವೆ. ಎಲೆ, ಕಾಯಿ ಎಲ್ಲ ಸ್ವಚ್ಛವಾಗಿತ್ತು. ಮೂರು ದಿನ ಬಿಡದೆ ಗಾಳಿ–ಮಳೆ ಹೊಡೆಯಿತು. ಅದಾಗಿ ಹತ್ತು ದಿನಕ್ಕೆ ಎಲೆಯಲ್ಲಿ ಎಣ್ಣೆ ಚುಕ್ಕೆ, ಕಾಯಿಯ ಮೇಲೆ ಕಪ್ಪು ಮಚ್ಚೆ ಕಾಣಿಸಿತು. ಔಷಧಿ ಅಂಗಡಿಯವರ ಮಾತಿನಂತೆ ಎಂಟು ದಿನಕ್ಕೊಮ್ಮೆ ಸ್ಟ್ರೆಪ್ಟೊಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್ ಮತ್ತು ಕಾಪರ್ (ತಾಮ್ರದ ಔಷಧಿ) ಹೊಡೆಯುತ್ತಿದ್ದೇವೆ, ಜೊತೆಗೆ ಪ್ರತಿ ಸಲ ಔಷಧಿಯನ್ನು ಎಲೆಯ ಮೇಲೆ ಹರಡಿಸುವ ಸಿಲಿಕಾನ್ ಸ್ಪ್ರೆಡರ್. ರೋಗ ನಿಂತಿಲ್ಲ. ಚುಕ್ಕೆಯೇ ಇಲ್ಲದ ಗಿಡದ ಎಲೆಯನ್ನು ಲ್ಯಾಬಿಗೆ ಕೊಟ್ಟರೆ ‘ಹಳದಿ ಬಣ್ಣದ ಬ್ಯಾಕ್ಟೀರಿಯಾ ಹೇರಳವಾಗಿದೆ’ ಎಂದು ವರದಿ ಬಂತು. ಬಿ.ಎಸ್ಸಿ. ಕೃಷಿ ಓದುತ್ತಿರುವ ಮಗ, ‘ಎಲೆಯ ಮೇಲೆ ಒಳ್ಳೆಯ ಬ್ಯಾಕ್ಟೀರಿಯಾನೂ ಇರುತ್ತವೆ, ನಾವೇ ಅವನ್ನು ಕೊಲ್ತಾ ಇದ್ದೀವಿ, ಸೂಡೊಮೊನಾಸ್ ಅನ್ನೋ ಒಳ್ಳೆಯ ಬ್ಯಾಕ್ಟೀರಿಯಾ, ಸಗಣಿ–ಬೆಲ್ಲದ ಜೀವಾಮೃತ ಹೊಡೆಯೋಣ’ ಅನ್ನುತ್ತಾನೆ. ಯಾರ ಮಾತು ಕೇಳಬೇಕು? ಎಲೆಯನ್ನು ಪೂರ್ತಿ ಬ್ಯಾಕ್ಟೀರಿಯಾ ಮುಕ್ತ ಮಾಡುವ ಔಷಧಿ ಇಲ್ಲವೇ?

ಉತ್ತರ: ಕೊನೆಯ ಪ್ರಶ್ನೆಗೇ ಮೊದಲು ಉತ್ತರ: ಇಲ್ಲ. ಇದ್ದರೂ ಅದು ನಿಮಗೆ ಬೇಡ. ನಿಮ್ಮ ತೋಟಕ್ಕೆ ಬಂದಿರುವುದು ದುಂಡಾಣು, ಅಂದರೆ ಬ್ಯಾಕ್ಟೀರಿಯಾ, ತರುವ ಅಂಗಮಾರಿ ರೋಗ. ನಿಮ್ಮ ಆತಂಕವೆಲ್ಲ ‘ಎಲೆಯ ಮೇಲೆ ಬ್ಯಾಕ್ಟೀರಿಯಾ ಇದೆ’ ಎಂಬುದರ ಸುತ್ತ ಇದೆ. ರೋಗ ಹುಟ್ಟುವುದು ಬ್ಯಾಕ್ಟೀರಿಯಾ ಎಲೆಯ ಮೇಲೆ ಇರುವುದರಿಂದಲ್ಲ, ಅದು ಎಲೆಯ ಒಳಗೆ ಹೋಗುವುದರಿಂದ. ಒಳಗೆ ಹೋಗಲು ಅದಕ್ಕೆ ನೀರು ಬೇಕು, ಬಾಗಿಲು ಬೇಕು. ನೀವು ಈಗ ಹೊಡೆಯುತ್ತಿರುವುದರಲ್ಲಿ ಒಂದು ವಸ್ತು ಆ ಬಾಗಿಲನ್ನು ತೆರೆದು ಕೊಡುತ್ತಿರುವ ಸಾಧ್ಯತೆಯೂ ಇದೆ. ಅದನ್ನು ಮುಂದೆ ಹೇಳುತ್ತೇನೆ.

ಬಯಲಿನಲ್ಲಿ ಬೆಳೆದ ಯಾವುದೇ ಆರೋಗ್ಯವಂತ ಗಿಡದ ಎಲೆಯಲ್ಲಿ ಒಂದು ಚದರ ಸೆಂಟಿಮೀಟರಿಗೆ ಹತ್ತು ಲಕ್ಷದಿಂದ ಒಂದು ಕೋಟಿ ಬ್ಯಾಕ್ಟೀರಿಯಾ ಇರುವುದು ಸಹಜ. ಹತ್ತು ಚದರ ಸೆಂಟಿಮೀಟರಿನ ಒಂದು ದಾಳಿಂಬೆ ಎಲೆಗೆ, ಕಡಿಮೆ ಲೆಕ್ಕ ಹಿಡಿದರೂ, ಒಂದು ಕೋಟಿ ಆಯಿತು. ಹಾಗಂತ ಎಲೆ ಕಿಕ್ಕಿರಿದು ತುಂಬಿದೆ ಎಂದುಕೊಳ್ಳಬೇಡಿ. ಒಂದು ಬ್ಯಾಕ್ಟೀರಿಯಾ ಸುಮಾರು ಒಂದು ಮೈಕ್ರೊಮೀಟರ್ ಉದ್ದಗಲದ್ದು, ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಹತ್ತು ಲಕ್ಷ ಸೇರಿದರೂ ಆ ಚದರ ಸೆಂಟಿಮೀಟರಿನ ನೂರರಲ್ಲಿ ಒಂದು ಪಾಲನ್ನು ಮಾತ್ರ ಮುಚ್ಚುತ್ತವೆ. ಉಳಿದ ಜಾಗದಲ್ಲಿ ಅವಕ್ಕೆ ಬದುಕಿಲ್ಲ. ಎಲೆಯ ಮೇಣದ ಪದರದ ಮೇಲೆ ಹಗಲಿನ ಬಿಸಿಲು, ಒಣ ಗಾಳಿ, ಉಪವಾಸ. ಎಲೆಯೊಳಗಿಂದ ಸಕ್ಕರೆ ಅಷ್ಟಿಷ್ಟು ಒಸರುವ ಕಡೆ, ಅಂದರೆ ನರಗಳ ಪಕ್ಕ, ಜೀವಕೋಶಗಳ ನಡುವಿನ ಸಂದಿ, ಪತ್ರರಂಧ್ರದ (ಎಲೆ ಉಸಿರಾಡುವ ಸೂಕ್ಷ್ಮ ತೂತು) ಅಂಚುಗಳಲ್ಲಿ ಅವು ಗುಂಪುಗುಂಪಾಗಿ, ತಾವೇ ಸುರಿಸಿದ ಅಂಟಿನೊಳಗೆ ಕೂತಿರುತ್ತವೆ. ಎಲೆ ಒಣಗಿದೆ ಎಂದು ಕೈಗೆ ಅನಿಸಿದಾಗಲೂ ಆ ಸಂದಿಗಳಲ್ಲಿ ಕಣ್ಣಿಗೆ ಕಾಣದ ನೀರಿನ ಹನಿಗಳಿರುತ್ತವೆ. ಎರಡು ಮಳೆಯ ನಡುವೆ ಅವುಗಳ ಪ್ರಾಣ ಉಳಿಯುವುದು ಅಲ್ಲೇ.

ಇವುಗಳಲ್ಲಿ ಬಹುಪಾಲು ನಿರುಪದ್ರವಿಗಳು. ಒಂದು ಗುಂಪಿನ ಹೆಸರು ಮೆಥೈಲೊಬ್ಯಾಕ್ಟೀರಿಯಂ, ಬಣ್ಣ ಗುಲಾಬಿ. ಎಲೆ ಬೆಳೆಯುವಾಗ ಅದರ ಕೋಶಭಿತ್ತಿಯ ಪೆಕ್ಟಿನ್‌ನಿಂದ ಮೆಥನಾಲ್ ಹುಟ್ಟಿ ಪತ್ರರಂಧ್ರದ ಮೂಲಕ ಹೊರಬರುತ್ತದೆ. ಬೇರೆಯವರಿಗೆ ಬೇಡವಾದ ಆ ಮೆಥನಾಲನ್ನೇ ತಿಂದು ಇವು ಬದುಕುತ್ತವೆ. ಇನ್ನೊಂದು ಗುಂಪು ಪ್ಯಾಂಟೋಯಿಯ. ಅದರ ಬಣ್ಣ ಹಳದಿ. ಸ್ಫಿಂಗೊಮೊನಾಸ್ ಎಂಬುದೂ ಹಳದಿಯೇ. ದಾಳಿಂಬೆಯ ಅಂಗಮಾರಿ ತರುವ ಕ್ಸಾಂಥೊಮೊನಾಸ್ ಕೂಡ ಹಳದಿ, ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಯ ಮೇಲೆ ಲೋಳೆಲೋಳೆಯಾಗಿ ಬೆಳೆಯುತ್ತದೆ.

ನಿಮ್ಮ ಲ್ಯಾಬ್ ವರದಿಯ ತೊಡಕು ಇಲ್ಲೇ ಇದೆ. ಎಲೆ ತೊಳೆದ ನೀರನ್ನು ತಟ್ಟೆಯ ಮೇಲೆ ಹರಡಿ ‘ಹಳದಿ ಬ್ಯಾಕ್ಟೀರಿಯಾ ಹೇರಳ’ ಎಂದು ಬರೆದರೆ ಅದರಿಂದ ನಿಮಗೆ ಏನೂ ತಿಳಿಯುವುದಿಲ್ಲ. ಮಾವಿನ ಎಲೆ ಕೊಟ್ಟಿದ್ದರೂ ಅದೇ ವರದಿ ಬರುತ್ತಿತ್ತು. ಪಿಸಿಆರ್ ಪರೀಕ್ಷೆ (ರೋಗಾಣುವನ್ನು ಅದರ ಡಿಎನ್‌ಎಯಿಂದ ಗುರುತಿಸುವುದು) ಮಾಡಿಸಿ, ಅಥವಾ ಆ ಹಳದಿ ಬ್ಯಾಕ್ಟೀರಿಯಾವನ್ನು ದಾಳಿಂಬೆ ಸಸಿಗೆ ಹಚ್ಚಿ ಚುಕ್ಕೆ ಬರುತ್ತದೆಯೇ ಎಂದು ನೋಡಿ ಹೇಳಿದರೆ ಮಾತ್ರ ನಂಬಿ. ಆದರೆ ಚುಕ್ಕೆಯಿಲ್ಲದ ಎಲೆಯ ಮೇಲೆ ರೋಗದ ದುಂಡಾಣು ಇರಬಹುದು ಎಂಬ ನಿಮ್ಮ ಅನುಮಾನ ಮಾತ್ರ ನಿಜ. ಅದು ಬೇರೆಯವುಗಳ ನಡುವೆ ಕಡಿಮೆ ಸಂಖ್ಯೆಯಲ್ಲಿ, ಯಾವ ಗುರುತೂ ತೋರದೆ ವಾರಗಟ್ಟಲೆ ಇರಬಲ್ಲದು.

ಲ್ಯಾಬಿಗೆ ಹೋಗುವ ಮುನ್ನ ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ. ಬೆಳಿಗ್ಗೆ ಹೊಸ ಚುಕ್ಕೆಯ ಎಲೆಯೊಂದನ್ನು ಕಿತ್ತು ಸೂರ್ಯನ ಬೆಳಕಿಗೆ ಅಡ್ಡ ಹಿಡಿಯಿರಿ. ದುಂಡಾಣುವಿನ ಚುಕ್ಕೆಯಾದರೆ ನಡುವೆ ಕಂದು, ಅದರ ಸುತ್ತ ಎಣ್ಣೆ ಕಾಗದದಂತೆ ಬೆಳಕು ಹಾಯುವ ಉಂಗುರ ಕಾಣುತ್ತದೆ. ಸರ್ಕೊಸ್ಪೊರಾ ಶಿಲೀಂಧ್ರದ ಚುಕ್ಕೆಯಲ್ಲಿ ಈ ಉಂಗುರ ಇರುವುದಿಲ್ಲ, ಅದು ಒಣ ಚುಕ್ಕೆ. ಇನ್ನೂ ಖಾತ್ರಿ ಬೇಕೆಂದರೆ ಹೊಸ ಬ್ಲೇಡಿನಿಂದ ಚುಕ್ಕೆಯ ಅಂಚನ್ನು ಅರ್ಧ ಚುಕ್ಕೆ, ಅರ್ಧ ಹಸಿರು ಬರುವಂತೆ ಕತ್ತರಿಸಿ, ಗಾಜಿನ ಪಟ್ಟಿಯ ಮೇಲಿನ ಒಂದು ಹನಿ ಶುದ್ಧ ನೀರಿನಲ್ಲಿಟ್ಟು ಕಾಲೇಜಿನ ಸಾಮಾನ್ಯ ಮೈಕ್ರೊಸ್ಕೋಪಿನಲ್ಲಿ ನೋಡಲು ನಿಮ್ಮ ಮಗನಿಗೆ ಹೇಳಿ. ಐದು ನಿಮಿಷದೊಳಗೆ ಕತ್ತರಿಸಿದ ಅಂಚಿನಿಂದ ಹೊಗೆಯಂಥ ಧಾರೆ ಹೊರಡುತ್ತದೆ. ಆ ಧಾರೆಯೇ ದುಂಡಾಣು. ಹಳೆಯ, ಒಣಗಿದ ಚುಕ್ಕೆಯಲ್ಲಿ ಇದು ಕಾಣದು, ಹೊಸದನ್ನೇ ಆರಿಸಬೇಕು. ಕಾಯಿಯಲ್ಲಾದರೆ ಮಚ್ಚೆ ದೊಡ್ಡದಾದಂತೆ ಸಿಪ್ಪೆ ಇಂಗ್ಲಿಷಿನ ವೈ ಅಥವಾ ಎಲ್ ಅಕ್ಷರದ ಹಾಗೆ ಸೀಳುವುದು ಈ ರೋಗದ ಗುರುತು. ನೀವು ಬರೆದ ಲಕ್ಷಣ ನೋಡಿದರೆ ನಿಮ್ಮಲ್ಲಿ ಬಂದಿರುವುದು ಇದೇ.

ಇನ್ನು ಆ ಮೂರು ದಿನದ ಮಳೆಯಲ್ಲಿ ಏನಾಯಿತು ಎಂಬುದು. ದುಂಡಾಣುವಿಗೆ ಎಲೆಯ ಸಿಪ್ಪೆ ಕೊರೆಯುವ ಶಕ್ತಿಯಿಲ್ಲ. ಎಷ್ಟೋ ಶಿಲೀಂಧ್ರಗಳಿಗೆ ಅದು ಸಾಧ್ಯ, ಇದಕ್ಕೆ ಆಗದು. ಪತ್ರರಂಧ್ರ ಅಥವಾ ಗಾಯ, ಈ ಎರಡೇ ದಾರಿ. ಗಿಡವೂ ಸುಮ್ಮನೆ ಕೂರುವುದಿಲ್ಲ: ಬ್ಯಾಕ್ಟೀರಿಯಾದ ಬಾಲದ ಪ್ರೋಟೀನು ತಾಗಿದರೆ ಗಂಟೆ ಎರಡು ಗಂಟೆಯೊಳಗೆ ಪತ್ರರಂಧ್ರ ಮುಚ್ಚಿಕೊಳ್ಳುತ್ತದೆ ಎಂಬುದು ಅರಬಿಡಾಪ್ಸಿಸ್ ಎಂಬ ಪ್ರಯೋಗದ ಗಿಡದಲ್ಲಿ 2006ರಲ್ಲೇ ತಿಳಿದ ವಿಷಯ. ಆದರೆ ಜೋರು ಗಾಳಿಯೊಂದಿಗೆ ಬಡಿಯುವ ಮಳೆಹನಿ ನೀರನ್ನು ರಂಧ್ರದೊಳಕ್ಕೆ ನೂಕಿಬಿಡುತ್ತದೆ. ದಾಳಿಂಬೆಯಲ್ಲಿ ಇನ್ನೊಂದು ಉಪದ್ರವ, ಅದರ ಮುಳ್ಳು. ಗಾಳಿಗೆ ಕೊಂಬೆ ಆಡುವಾಗ ಪ್ರತಿ ಮುಳ್ಳೂ ಪಕ್ಕದ ಎಲೆ, ಕಾಯಿಗಳನ್ನು ಗೀರುತ್ತದೆ. ಒಳಗೆ ಸೇರಿದ ದುಂಡಾಣು ಮೊದಲು ಸದ್ದಿಲ್ಲದೆ ಹೆಚ್ಚುತ್ತದೆ. ಅವು ಪರಸ್ಪರ ಸಂಕೇತದ ರಾಸಾಯನಿಕವೊಂದನ್ನು ಬಿಡುತ್ತಿರುತ್ತವೆ. ಸಂಖ್ಯೆ ಸಾಕಷ್ಟಾಗಿ ಆ ಸಂಕೇತ ದಟ್ಟವಾದಾಗ ಎಲ್ಲವೂ ಒಟ್ಟಿಗೆ ಕೋಶ ಕರಗಿಸುವ ಕಿಣ್ವ ಮತ್ತು ಕ್ಸಾಂಥಾನ್ ಎಂಬ ಅಂಟನ್ನು ಸುರಿಸತೊಡಗುತ್ತವೆ. (ಇದೇ ಕುಲದ ಇನ್ನೊಂದು ಬ್ಯಾಕ್ಟೀರಿಯಾದಿಂದ ಕಾರ್ಖಾನೆಗಳಲ್ಲಿ ತೆಗೆದ ಕ್ಸಾಂಥಾನ್ ನಮ್ಮ ಸಾಸ್ ಬಾಟಲಿಯಲ್ಲೂ ಇರುತ್ತದೆ, ತಿಂದರೆ ಏನೂ ಆಗುವುದಿಲ್ಲ.) ಎಣ್ಣೆ ಸವರಿದಂತೆ ಕಾಣುವ ಚುಕ್ಕೆ ಎಂದರೆ ಕೋಶಗಳ ನಡುವೆ ನೀರು ಮತ್ತು ಈ ಅಂಟು ತುಂಬಿಕೊಂಡ ಜಾಗ. ಇಷ್ಟಕ್ಕೆಲ್ಲ ಒಂದರಿಂದ ಎರಡು ವಾರ ಹಿಡಿಯುತ್ತದೆ. ನಿಮಗೆ ಹತ್ತು ದಿನ ಹಿಡಿಯಿತು. ಅಂದರೆ ಚುಕ್ಕೆ ಕಂಡ ದಿನ ಹೊಡೆದ ಔಷಧಿ ಹತ್ತು ದಿನ ತಡವಾದ ಔಷಧಿ. ಅದು ಆ ಚುಕ್ಕೆಗೆ ಏನೂ ಮಾಡದು, ಮುಂದಿನ ಚುಕ್ಕೆಯನ್ನಷ್ಟೇ ತಡೆದೀತು.

ಈಗ ಸಿಲಿಕಾನ್ ಸ್ಪ್ರೆಡರ್ ವಿಷಯ. ಸಾಮಾನ್ಯ ನೀರಿನ ಹನಿ ತನ್ನ ಮೇಲ್ಮೈ ಎಳೆತದಿಂದಾಗಿ ಪತ್ರರಂಧ್ರದೊಳಗೆ ತಾನಾಗಿ ಇಳಿಯುವುದಿಲ್ಲ. ಆರ್ಗನೊಸಿಲಿಕಾನ್ ಸ್ಪ್ರೆಡರ್ ಆ ಎಳೆತವನ್ನು ಎಷ್ಟು ತಗ್ಗಿಸುತ್ತದೆಂದರೆ ನೀರು ಸೀದಾ ರಂಧ್ರದೊಳಗೆ ಹರಿಯುತ್ತದೆ, ಜೊತೆಯಲ್ಲಿ ಎಲೆಯ ಮೇಲಿದ್ದ ದುಂಡಾಣುವೂ. ಪ್ರಯೋಗಾಲಯದಲ್ಲಿ ಗಿಡಕ್ಕೆ ಬೇಕೆಂದೇ ಬ್ಯಾಕ್ಟೀರಿಯಾ ಸೇರಿಸಬೇಕಾದಾಗ ಬಳಸುವುದೂ ಇದೇ ಬಗೆಯ ವಸ್ತುವನ್ನು. ಫ್ಲೋರಿಡಾದಲ್ಲಿ ನಿಂಬೆ ಜಾತಿಯ ಸಸಿಗಳ ಮೇಲೆ ನಡೆದ ಪ್ರಯೋಗದಲ್ಲಿ ಇಂಥ ಸ್ಪ್ರೆಡರ್ ಕ್ಸಾಂಥೊಮೊನಾಸ್ ರೋಗವನ್ನು ಹೆಚ್ಚಿಸಿದ್ದು ದಾಖಲಾಗಿದೆ. ಎಲೆ ಒದ್ದೆಯಿರುವಾಗ, ತೋಟದಲ್ಲಿ ರೋಗ ಇರುವಾಗ ಇದನ್ನು ಬಳಸಲೇಬೇಡಿ. ಅಂಟು ಬೇಕೇಬೇಕು ಎನಿಸಿದರೆ ಹರಡುವ ಗುಣದ್ದಲ್ಲ, ಹಿಡಿದಿಡುವ ಗುಣದ ಸಾದಾ ಸ್ಟಿಕ್ಕರ್ ಸಾಕು, ಚೀಟಿಯಲ್ಲಿ ಬರೆದ ಪ್ರಮಾಣದಲ್ಲಿ. ಜೋರು ಒತ್ತಡದಲ್ಲಿ ಸಿಂಪಡಿಸುವ ಎಚ್‌ಟಿಪಿ ಪಂಪಿನ ಗನ್ನನ್ನು ಹತ್ತಿರದಿಂದ ನೇರ ಧಾರೆಯಾಗಿ ಹಿಡಿಯುವುದೂ ಜೋರು ಮಳೆ ಮಾಡುವ ಕೆಲಸವನ್ನೇ ಮಾಡುತ್ತದೆ. ಮಂಜಿನಂತೆ ಬೀಳಬೇಕು, ಎಲೆಯ ಕೆಳಭಾಗಕ್ಕೂ ತಾಗಬೇಕು.

ಸ್ಟ್ರೆಪ್ಟೊಸೈಕ್ಲಿನ್ ಎಂದರೆ 90 ಪಾಲು ಸ್ಟ್ರೆಪ್ಟೊಮೈಸಿನ್, 10 ಪಾಲು ಟೆಟ್ರಾಸೈಕ್ಲಿನ್. ಎರಡೂ ಮನುಷ್ಯರ ಔಷಧಿ. ಮೊದಲನೆಯದು ಕ್ಷಯಕ್ಕೂ ಬಳಕೆಯಾಗುವಂಥದು. ಎಂಟು ದಿನಕ್ಕೊಮ್ಮೆ ಹೊಡೆದರೆ ಎಲೆಯ ಮೇಲಿನ ಕೋಟಿಗಳಲ್ಲಿ ಅದಕ್ಕೆ ಜಗ್ಗದ ಒಂದೆರಡು ಉಳಿದು, ತೆರವಾದ ಜಾಗವನ್ನೆಲ್ಲ ಅವುಗಳ ಸಂತಾನವೇ ತುಂಬುತ್ತದೆ. ಇದಕ್ಕಿಂತ ಕೆಟ್ಟದ್ದೆಂದರೆ, ನಿರೋಧದ ಜೀನ್‌ಗಳನ್ನು ಎಲೆಯ ಮೇಲಿನ ಬ್ಯಾಕ್ಟೀರಿಯಾಗಳು ಜಾತಿ ನೋಡದೆ ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತವೆ. ನಿರುಪದ್ರವಿಯೊಂದು ಗಳಿಸಿದ ನಿರೋಧ ನಾಳೆ ರೋಗಾಣುವಿನ ಕೈ ಸೇರಬಹುದು. ಫ್ಲೋರಿಡಾದ ಟೊಮೆಟೊ, ಮೆಣಸಿನಕಾಯಿ ಹೊಲಗಳಲ್ಲಿ 1960ರ ದಶಕದ ಆರಂಭಕ್ಕೇ ಸ್ಟ್ರೆಪ್ಟೊಮೈಸಿನ್ ಕೆಲಸ ಮಾಡುವುದು ನಿಂತಿತ್ತು. ನಮ್ಮಲ್ಲಿ ಕೇಂದ್ರ ಕೃಷಿ ಸಚಿವಾಲಯ ಈ ಮಿಶ್ರಣವನ್ನು ಬೆಳೆಗಳಿಂದ ಹೊರಗಿಡುವ ಕರಡು ಆದೇಶವನ್ನು 2021ರ ಡಿಸೆಂಬರಿನಲ್ಲಿ ಪ್ರಕಟಿಸಿತು. ನನ್ನ ಸಲಹೆ ನೇರವಾದದ್ದು: ನಿಲ್ಲಿಸಿ. ಇಷ್ಟು ಹೊಡೆದೂ ನಿಲ್ಲದ ರೋಗ ಇನ್ನೊಂದು ಸಲಕ್ಕೆ ನಿಲ್ಲುವುದಿಲ್ಲ.

ಕಾಪರ್ ಬೇರೆ. ಅದು ಎಲೆಯ ಮೇಲೆ ಪದರವಾಗಿ ಕೂತು, ಒದ್ದೆಯಾದಾಗ ತಾಮ್ರದ ಅಯಾನುಗಳನ್ನು ನಿಧಾನ ಬಿಡುತ್ತದೆ. ಮೇಲಿರುವುದನ್ನು ಕೊಲ್ಲುತ್ತದೆ, ಒಳಗಿರುವುದನ್ನು ಮುಟ್ಟುವುದಿಲ್ಲ, ಹೊಡೆದ ಮೇಲೆ ಬಂದ ಚಿಗುರಿಗೆ ರಕ್ಷಣೆ ಕೊಡುವುದಿಲ್ಲ. ಹೀಗಾಗಿ ಮಳೆಗೆ ಮುಂಚೆ, ಒಣಗಲು ಸಮಯವಿರುವಂತೆ ಹೊಡೆದದ್ದೇ ಸಾರ್ಥಕ. ಕಾಯಿ ಕಟ್ಟುವ ಮುನ್ನ ಶೇ 0.5ರ ಬೋರ್ಡೋ ದ್ರಾವಣಕ್ಕೆ ಸಮನಾದ್ದು ಇನ್ನೊಂದಿಲ್ಲ. 200 ಲೀಟರಿಗೆ ಒಂದು ಕೆ.ಜಿ. ಮೈಲುತುತ್ತ (ಕಾಪರ್ ಸಲ್ಫೇಟ್), ಒಂದು ಕೆ.ಜಿ. ಒಳ್ಳೆಯ ಸುಟ್ಟ ಸುಣ್ಣ. ಎರಡನ್ನೂ ಪ್ಲಾಸ್ಟಿಕ್ ಡ್ರಮ್ಮುಗಳಲ್ಲಿ ನೂರು ನೂರು ಲೀಟರಿನಲ್ಲಿ ಬೇರೆ ಬೇರೆ ಕರಗಿಸಿ. ಸುಣ್ಣದ ತಿಳಿಯನ್ನು ಬಟ್ಟೆಯಲ್ಲಿ ಸೋಸಿ, ಕಲಕುತ್ತಲೇ ಅದರೊಳಕ್ಕೆ ಮೈಲುತುತ್ತದ ನೀರನ್ನು ಸುರಿಯಬೇಕು. ತಿರುಗಮುರುಗ ಮಾಡಿದರೆ ಕಣ ದಪ್ಪವಾಗಿ ಗನ್ ಕಟ್ಟಿಕೊಳ್ಳುತ್ತದೆ, ಎಲೆಗೂ ಸರಿಯಾಗಿ ಅಂಟದು. ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು, ಇನ್ನಷ್ಟು ಸೇರಿಸಿ. ಅದೇ ದಿನ ಮುಗಿಸಿ, ಬೇರೆ ಯಾವುದನ್ನೂ ಬೆರೆಸಬೇಡಿ. ಮೋಡ ಕವಿದು ಜಿಟಿಜಿಟಿ ಹಿಡಿದ ದಿನ ಹೊಡೆದರೆ ತಾಮ್ರ ಎಲೆಯೊಳಗಿಳಿದು ಸುಡುತ್ತದೆ. ಕಾಯಿ ಬಂದ ಮೇಲೆ ಬೋರ್ಡೋ ಬಿಳಿ ಕಲೆ ಬಿಡುವುದರಿಂದ ಕಾಪರ್ ಹೈಡ್ರಾಕ್ಸೈಡ್ ಲೀಟರಿಗೆ ಎರಡು ಗ್ರಾಂ ಸಾಕು. ಕಟಾವಿಗೆ ಎಷ್ಟು ದಿನ ಮುಂಚೆ ನಿಲ್ಲಿಸಬೇಕು ಎಂಬುದನ್ನು ಚೀಟಿಯಲ್ಲೇ ನೋಡಿಕೊಳ್ಳಿ. ತಾಮ್ರಕ್ಕೂ ಕ್ಸಾಂಥೊಮೊನಾಸ್ ಒಗ್ಗಿಕೊಂಡ ನಿದರ್ಶನಗಳು ಲೋಕದಲ್ಲಿವೆ, ಆದ್ದರಿಂದ ಮಳೆಯಿಲ್ಲದ ವಾರದಲ್ಲಿ ಕೈ ಬಿಗಿ ಹಿಡಿಯಿರಿ.

ನಿಮ್ಮ ಮಗ ಹೇಳಿದ್ದರಲ್ಲಿ ಅರ್ಧ ಸರಿ. ಮೊದಲು ಬಂದು ಆಹಾರದ ಜಾಗ ಹಿಡಿದ ಬ್ಯಾಕ್ಟೀರಿಯಾ, ಆಮೇಲೆ ಬಂದದ್ದನ್ನು ನೆಲೆಯೂರಲು ಬಿಡುವುದಿಲ್ಲ. ಬಸ್ಸಿನ ಸೀಟಿಗೆ ಕಿಟಕಿಯಿಂದ ಟವೆಲ್ ಹಾಕಿದ ಹಾಗೆ. ಅಮೆರಿಕದಲ್ಲಿ ಪಿಯರ್ ಮತ್ತು ಸೇಬಿನ ಹೂವಿಗೆ ಸೂಡೊಮೊನಾಸ್ ಫ್ಲೋರೆಸೆನ್ಸ್‌ನ ಎ506 ಎಂಬ ತಳಿಯನ್ನು ಹೂ ಅರಳುವಾಗಲೇ ಸಿಂಪಡಿಸುತ್ತಾರೆ. ಫೈರ್ ಬ್ಲೈಟ್ ಎಂಬ ರೋಗದ ದುಂಡಾಣು ಬರುವ ಹೊತ್ತಿಗೆ ಜಾಗ ಭರ್ತಿ. 1987ರಲ್ಲಿ ಕ್ಯಾಲಿಫೋರ್ನಿಯಾದ ಸ್ಟ್ರಾಬೆರಿ ಹೊಲದಲ್ಲಿ ನಡೆದ ಪ್ರಸಿದ್ಧ ಪ್ರಯೋಗದ ಹಿಂದಿದ್ದದ್ದೂ ಇದೇ ತರ್ಕ. ಎಲೆಯ ಮೇಲೆ ಹಿಮಗಟ್ಟಿಸುವ ಬ್ಯಾಕ್ಟೀರಿಯಾದ ಜಾಗಕ್ಕೆ ಹಿಮಗಟ್ಟಿಸದ ಅದರದೇ ತಳಿಯನ್ನು ಮೊದಲೇ ಕೂರಿಸುವುದು. ಗಮನಿಸಿ, ಎರಡರಲ್ಲೂ ಕೆಲಸ ನಡೆದದ್ದು ಶತ್ರು ಬರುವ ಮುಂಚೆ. ಈಗಾಗಲೇ ಚುಕ್ಕೆ ತುಂಬಿದ ತೋಟಕ್ಕೆ ಸೂಡೊಮೊನಾಸ್ ಹೊಡೆದರೆ ಒಳಗೆ ಕೂತ ದುಂಡಾಣುವಿಗೆ ಸುದ್ದಿಯೂ ತಲುಪುವುದಿಲ್ಲ.

ಸೂಡೊಮೊನಾಸ್ ಬಳಸುವುದಾದರೆ ಮುಂದಿನ ಬಹಾರಿನ ಹೊಸ ಚಿಗುರಿಗೆ, ಲೀಟರಿಗೆ ಐದರಿಂದ ಹತ್ತು ಗ್ರಾಂ ಪುಡಿ, ಇಳಿ ಸಂಜೆ ಹೊಡೆಯಿರಿ. ಮಧ್ಯಾಹ್ನದ ಬಿಸಿಲಿಗೆ ಸಿಕ್ಕರೆ ಅರ್ಧಕ್ಕರ್ಧ ಅಲ್ಲೇ ಸಾಯುತ್ತವೆ. ತಯಾರಿಸಿದ ದಿನಾಂಕ ನೋಡದೆ ಪೊಟ್ಟಣ ಕೊಳ್ಳಬೇಡಿ, ತಗಡಿನ ಶೆಡ್ಡಿನಲ್ಲಿ ಬೇಸಿಗೆ ಕಳೆದ ಪೊಟ್ಟಣದಲ್ಲಿ ಉಳಿದಿರುವುದು ಬರೀ ಟಾಲ್ಕ್ ಪುಡಿ. ಕಾಪರ್ ಜೊತೆ ಒಂದೇ ಟ್ಯಾಂಕಿಗೆ ಹಾಕಿದರೆ ಎರಡರ ದುಡ್ಡೂ ಹೋಯಿತು. ನಡುವೆ ಕನಿಷ್ಠ ಒಂದು ವಾರ ಇರಲಿ. ಬೀಜಕ ಕಟ್ಟುವ ಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾ ತಾಮ್ರವನ್ನೂ ಒಣ ಹವೆಯನ್ನೂ ಇದಕ್ಕಿಂತ ಚೆನ್ನಾಗಿ ತಾಳುತ್ತದೆ, ನಮ್ಮ ಬಯಲುಸೀಮೆಗೆ ಅದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಜೀವಾಮೃತವನ್ನು ಎಲೆಗೆ ಹೊಡೆಯುವುದನ್ನು ನಾನು ಒಪ್ಪುವುದಿಲ್ಲ. ನೆಲಕ್ಕೆ ಹಾಕುವುದಿದ್ದರೆ ಹಾಕಿ. ಸಗಣಿಯ ಬ್ಯಾಕ್ಟೀರಿಯಾ ಬೆಚ್ಚಗಿನ, ಗಾಳಿಯಾಡದ ಕರುಳಿಗೆ ಒಗ್ಗಿದವು. ಎಲೆಯ ಬಿಸಿಲಲ್ಲಿ ಹೆಚ್ಚಿನವು ಬಾಳುವುದಿಲ್ಲ. ಅದರಲ್ಲಿ ಉಳಿದ ಬೆಲ್ಲ ಮಾತ್ರ ಎಲೆಯ ಮೇಲೆ ಯಾರಿದ್ದರೆ ಅವರಿಗೆ ಊಟ, ರೋಗದ ದುಂಡಾಣುವಿಗೂ. ಜೊತೆಗೆ ಕಾಯಿ ಬಲಿಯುವಾಗ ಸಗಣಿ ನೀರು ಸಿಂಪಡಿಸುವುದು ತಿನ್ನುವವರ ಆರೋಗ್ಯಕ್ಕೂ ಒಳ್ಳೆಯದಲ್ಲ.

ಈ ಬಹಾರಿಗೆ ನಿಮ್ಮ ಮುಂದಿರುವ ದಾರಿ ಎರಡು. ಮಚ್ಚೆ ಬಿದ್ದ ಕಾಯಿ ನಾಲ್ಕರಲ್ಲೊಂದಕ್ಕಿಂತ ಕಡಿಮೆಯಿದ್ದು, ಕಾಂಡದ ಗೆಣ್ಣುಗಳು ಕಪ್ಪಾಗಿರದಿದ್ದರೆ ಬೆಳೆ ಉಳಿಸಿಕೊಳ್ಳಲು ಯತ್ನಿಸಬಹುದು. ಮಚ್ಚೆಯ ಕಾಯಿ, ಎಲೆಗಳನ್ನು ಇಬ್ಬನಿ ಪೂರ್ತಿ ಆರಿದ ಮೇಲೆ ಚೀಲಕ್ಕೆ ಕಿತ್ತು ತೋಟದ ಹೊರಗೆ ಸುಡಿ. ಒದ್ದೆ ಗಿಡದ ನಡುವೆ ಆಳುಗಳು ಓಡಾಡಿದರೆ ಬಟ್ಟೆ, ಕೈಗಳೇ ರೋಗ ಹಂಚುತ್ತವೆ. ಕೆಲಸ ಸ್ವಚ್ಛ ಗಿಡಗಳ ಸಾಲಿನಿಂದ ಶುರುವಾಗಿ ರೋಗದ ಸಾಲಿನಲ್ಲಿ ಮುಗಿಯಲಿ. ಈ ದಾರಿಯ ಅಪಾಯವೆಂದರೆ ಇನ್ನೊಂದು ಗಾಳಿ–ಮಳೆ ಬಂದರೆ ಅಲ್ಲಿಯವರೆಗಿನ ಖರ್ಚೆಲ್ಲ ನೀರುಪಾಲು. ಗೆಣ್ಣು ಕಪ್ಪಾಗಿ ಕೊಂಬೆ ಮುರಿಯುತ್ತಿದ್ದರೆ ಈ ಬೆಳೆ ಬಿಡುವುದೇ ಲಾಭ. ಕಾಯಿ ಇಳಿಸಿ, ಕಪ್ಪು ಕಂಡಲ್ಲಿಂದ ಎರಡು ಇಂಚು ಕೆಳಗೆ ಆರೋಗ್ಯದ ಮರದವರೆಗೆ ಚಾಟನಿ ಮಾಡಿ, ಗಾಯಕ್ಕೆ ಶೇ 10ರ ಬೋರ್ಡೋ ಮುಲಾಮು (ಹತ್ತು ಲೀಟರಿಗೆ ಒಂದೊಂದು ಕೆ.ಜಿ.) ಹಚ್ಚಿ. ಪ್ರತಿ ಗಿಡಕ್ಕೂ ಕತ್ತರಿಯನ್ನು ಶೇ 4ರ ಹೈಪೊಕ್ಲೋರೈಟ್ ಒಂದು ಪಾಲು, ನೀರು ಮೂರು ಪಾಲು ಬೆರೆಸಿದ್ದರಲ್ಲಿ ಅದ್ದಿ, ಸಂಜೆ ತೊಳೆದು ಎಣ್ಣೆ ಸವರಿಡಿ, ಇಲ್ಲವಾದರೆ ತುಕ್ಕು ಹಿಡಿಯುತ್ತದೆ. ಉದುರಿದ ಎಲೆಯಲ್ಲಿ ದುಂಡಾಣು ತಿಂಗಳುಗಟ್ಟಲೆ ಬದುಕುವುದರಿಂದ ಗುಡಿಸಿ ಸುಟ್ಟ ಮೇಲೆ ಎಕರೆಗೆ ಹತ್ತು ಕೆ.ಜಿ. ಬ್ಲೀಚಿಂಗ್ ಪುಡಿಯನ್ನು 400 ಲೀಟರ್ ನೀರಿನಲ್ಲಿ ಕಲಸಿ ನೆಲಕ್ಕೆ ಸಿಂಪಡಿಸಿ. ಕೈಗವಸು, ಮುಖಗವಸು ಇರಲಿ, ಬೇರೆ ಔಷಧಿಯ ಟ್ಯಾಂಕಿನಲ್ಲಿ ಕಲಸಬೇಡಿ.

ಮೂರರಿಂದ ನಾಲ್ಕು ತಿಂಗಳು ಗಿಡಕ್ಕೆ ವಿಶ್ರಾಂತಿ ಕೊಟ್ಟು ಮುಂದಿನ ಸಲ ಹಸ್ತ ಬಹಾರಿಗೆ ಬನ್ನಿ. ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಹೂ ಬಿಟ್ಟರೆ ಕಾಯಿ ದಪ್ಪವಾಗುವುದು ಒಣ ಹವೆಯಲ್ಲಿ. ಇದರಲ್ಲೂ ತೊಂದರೆಗಳಿವೆ: ಮಳೆಗಾಲದ ಕೊನೆಯಲ್ಲಿ ಗಿಡವನ್ನು ಬಾಡಿಸಲು ಆಗದೆ ಎಲೆ ಒಂದೇ ಸಮ ಉದುರುವುದಿಲ್ಲ, ಎಲೆ ಉದುರಿಸುವ ಎಥ್ರೆಲ್ ಲೀಟರಿಗೆ ಒಂದರಿಂದ ಎರಡು ಮಿ.ಲೀ. ಹೊಡೆಯಬೇಕಾಗುತ್ತದೆ, ಹಿಂಗಾರು ಜೋರಾದರೆ ಹೂವಿಗೆ ಪೆಟ್ಟು, ಫೆಬ್ರುವರಿ ನಂತರವೂ ಬೋರಿನಲ್ಲಿ ನೀರಿರಬೇಕು. ನೀರಿನ ಭರವಸೆ ಇಲ್ಲದವರಿಗೆ ಈ ಸಲಹೆ ಕೊಡಲಾರೆ. ಯೂರಿಯಾ ಕೈ ತಗ್ಗಿಸಿ, ಮೆತ್ತನೆಯ ಎಲೆ ರೋಗಕ್ಕೆ ಬೇಗ ಬೀಳುತ್ತದೆ. ಚಿಗುರು ಬಂದಾಗಿನಿಂದ ತಿಂಗಳಿಗೊಮ್ಮೆ ನಾಲ್ಕು ಸಲ ಸ್ಯಾಲಿಸಿಲಿಕ್ ಆಮ್ಲ ಲೀಟರಿಗೆ 0.3 ಗ್ರಾಂ ಕೊಟ್ಟರೆ ಗಿಡದ ಸ್ವಂತ ರಕ್ಷಣೆ ಚುರುಕಾಗುತ್ತದೆ. 200 ಲೀಟರಿಗೆ 60 ಗ್ರಾಂ. ಅದು ನೀರಿನಲ್ಲಿ ಸರಿಯಾಗಿ ಕರಗದು, ಮೊದಲು ಸ್ವಲ್ಪ ಆಲ್ಕೊಹಾಲಿನಲ್ಲಿ ಕರಗಿಸಿಕೊಳ್ಳಿ.

ಸತ್ತ ಗಿಡಗಳ ಜಾಗ ತುಂಬಿಸಲು ಪಕ್ಕದ ತೋಟದಿಂದ ಗೂಟಿ ಕಟ್ಟಿದ (ಕೊಂಬೆಯಲ್ಲೇ ಬೇರು ಬರಿಸಿ ಕತ್ತರಿಸಿದ) ಸಸಿ ತರುವ ಯೋಚನೆ ಇದ್ದರೆ ತಾಯಿ ಗಿಡದಲ್ಲಿ ಚುಕ್ಕೆ ಕಾಣದಿದ್ದರೂ ಬೇಡ. ಚುಕ್ಕೆಯಿಲ್ಲದ ಎಲೆ, ಮೊಗ್ಗುಗಳಲ್ಲೇ ಅದು ಊರೂರು ಸುತ್ತುತ್ತಿದೆ. ಲ್ಯಾಬಿನಲ್ಲಿ ಬೆಳೆಸಿದ ಟಿಶ್ಯೂ ಕಲ್ಚರ್ ಸಸಿ ತನ್ನಿ, ಆದರೆ ಅದಕ್ಕೆ ರೋಗ ತಾಳುವ ಶಕ್ತಿ ಹೆಚ್ಚಿದೆ ಎಂದು ಯಾರಾದರೂ ಹೇಳಿ ಮಾರಿದರೆ ನಂಬಬೇಡಿ; ಅದೂ ಭಗವಾ ತಳಿಯೇ, ಬಂದಾಗ ಶುಚಿಯಾಗಿರುತ್ತದೆ ಅಷ್ಟೇ. ಸುತ್ತಲಿನ ಹಳೆಯ ಗಿಡಗಳ ಚಾಟನಿ, ನೆಲದ ಬ್ಲೀಚಿಂಗ್ ಎಲ್ಲ ಮುಗಿಯುವವರೆಗೆ ಅದನ್ನು ನರ್ಸರಿ ಚೀಲದಲ್ಲೇ, ತೋಟದಿಂದ ದೂರ ಇಟ್ಟುಕೊಳ್ಳಿ.